ಕಣಕ್ಕೆ ಕಾಲಿಡದ ಜೀರಿಗೆ

ಪಿಕಪ್‌ನಿಂದ ಇಳಿಸಿದ ಯಂತ್ರನಾಯಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿಯೇ ಪಂಚಮಿಗೆ ಗುರುತು ಸಿಕ್ಕಿತು. ಇಳಿಜಾರಿನಲ್ಲಿ ಹಿಂಗಾಲನ್ನು ತುಸು ಹೊರಕ್ಕೆ ತಿರುಗಿಸಿ ಊರುವ ಆ ರೀತಿ ಅವಳ ನಾಯಿ ಜೀರಿಗೆಯದು.

ಎಂ.ಎಸ್ಸಿ. ಓದುವಾಗ ಅವಳು ಜೀರಿಗೆಯ ಕಾಲುಗಳಿಗೆ ಸೆನ್ಸರ್ ಕಟ್ಟಿ, ಕಳಸದ ಈ ಎಸ್ಟೇಟಿನ ಏರುತಗ್ಗುಗಳಲ್ಲಿ ಅದರ ನಡಿಗೆಯನ್ನು ದಾಖಲಿಸಿದ್ದಳು. ಸಹಪಾಠಿ ನಿರಂಜನ ಜೊತೆಗೇ ಅಲೆಯುತ್ತಿದ್ದ. ನಾಯಿಯನ್ನು ನೋಡಿದ್ದಕ್ಕಿಂತ ಅವಳನ್ನು ನೋಡಿದ್ದೇ ಹೆಚ್ಚು. ಆ ನೋಟವನ್ನು ನಂಬಿ ಅವಳು ದಾಖಲೆಯೆಲ್ಲವನ್ನೂ ಅವನಿಗೆ ಕೊಟ್ಟಿದ್ದಳು. ಮುಂದೆ, ಚಂದ್ರನ ನೆಲದಲ್ಲಿ ನಡೆಯಬಲ್ಲ ನಾಯಿಯ ವಿನ್ಯಾಸ ಪ್ರಕಟವಾದಾಗ ಅದರಲ್ಲಿ ಅವನ ಹೆಸರೊಂದೇ ಇತ್ತು. ಆಮೇಲೆ ಅವನ ಒಂದು ಕರೆಯನ್ನೂ ಅವಳು ಎತ್ತಲಿಲ್ಲ.

ಇಂದು ಹಿರಿಯ ವಿಜ್ಞಾನಿಗಳ ಎದುರು ಯಂತ್ರದ ಅಂತಿಮ ಪರೀಕ್ಷೆ. ಗೆದ್ದರೆ ಅದು ಚಂದ್ರಯಾನದ ತಂಡಕ್ಕೆ ಸೇರುತ್ತದೆ. ಅದಕ್ಕೆ ಚೆನ್ನಾಗಿ ಪರಿಚಯವಿರುವ ನೆಲವೆಂದು ನಿರಂಜನ ಇದೇ ಎಸ್ಟೇಟನ್ನು ಕೇಳಿದ್ದ. ಏನೂ ಅರಿಯದ ಅವಳ ಅಪ್ಪ ಕೃಷ್ಣಯ್ಯನವರು ಒಪ್ಪಿದ್ದರು. ಅಪ್ಪನಿಗೆ ಎಲ್ಲವನ್ನೂ ಹೇಳಿ ತಡೆಯಬಹುದಿತ್ತು. ಪಂಚಮಿ ತಡೆಯಲಿಲ್ಲ.

ಕಲ್ಲು, ಬೇರು, ಕಡಿದಾದ ಧರೆ, ಎಲ್ಲವನ್ನೂ ಯಂತ್ರ ದಾಟಿತು. ಚಂದ್ರನ ಮಣ್ಣು ಸಡಿಲ, ಅಂಥ ನೆಲ ಇಲ್ಲಿದೆಯೇ ಎಂದು ಹಿರಿಯರೊಬ್ಬರು ಕೇಳಿದರು.

"ನಮ್ಮ ಕಣ ಇದೆಯಲ್ಲ ಸರ್, ಪಾರ್ಚ್‌ಮೆಂಟ್ ಹರಡಿದೆ," ಎಂದಳು ಪಂಚಮಿ, ಕಾಫಿಯ ಟ್ರೇ ಹಿಡಿದುಕೊಂಡೇ.

ಅವಳು ಕೊನೆಗೂ ಮಾತಾಡಿದಳೆಂದು ಯಂತ್ರದ ಪಕ್ಕದಲ್ಲಿದ್ದ ನಿರಂಜನನ ಮುಖ ಅರಳಿತು. ಎಡಗೆನ್ನೆಯ ಆ ಸಣ್ಣ ಗುಳಿ ಒಂದು ಕಾಲದಲ್ಲಿ ಅವಳ ಓದನ್ನೇ ಕೆಡಿಸಿತ್ತು. ಅವಳೂ ನಕ್ಕಳು, ಅಳೆದು ತೂಗಿ.

ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ, ಕಣದ ತುಂಬ ಒಣಗುತ್ತಿತ್ತು. ಅದನ್ನು ತುಳಿಯಬಾರದೆಂದು ಎಸ್ಟೇಟಿನ ನಾಯಿಗಳಿಗೆ ಮರಿಯಿದ್ದಾಗಲೇ ಗದರಿ ಕಲಿಸುತ್ತಾರೆ. ಜೀರಿಗೆ ಅಲ್ಲಿ ಎಂದೂ ನಡೆದಿರಲಿಲ್ಲ. ಆದ್ದರಿಂದ ಕಾಲಡಿಯಲ್ಲಿ ಉರುಳುವ ಬೀಜ ಎಂಥದ್ದೆಂದು ಯಂತ್ರಕ್ಕೂ ತಿಳಿದಿರಲಿಲ್ಲ.

ಕಣದ ನಡುವೆ ಅದರ ಕಾಲುಗಳು ನಾಲ್ಕು ದಿಕ್ಕಿಗೆ ಜಾರಿದವು. ಹೊಟ್ಟೆಯಡಿಯಾಗಿ ಬಿದ್ದು ಬೀಜದ ಮೇಲೆ ಕಾಲು ಬಡಿಯತೊಡಗಿತು. ಕಣದ ಅಂಚಿನಲ್ಲಿ ಕುಳಿತ ಜೀರಿಗೆ ಕತ್ತು ವಾರೆ ಮಾಡಿ ನೋಡಿತು.

"ನಿಂಗೆ ಗೊತ್ತಿತ್ತಾ?" ನಿರಂಜನನ ದನಿ ತಗ್ಗಿತ್ತು.

"ಗೊತ್ತಿತ್ತು ಮಾರಾಯ. ನನ್ನ ಹೆಸರು ಹಾಕೋ ಮನಸ್ಸಿದ್ದಿದ್ರೆ ನೀನು ನನ್ನನ್ನೂ ಒಂದು ಮಾತು ಕೇಳ್ತಿದ್ದೆ. ಆಗ ನಾನು ಹೇಳ್ತಿದ್ದೆ."

ಅವನು ನೆಪ ಹೇಳುತ್ತಾನೆಂದು, ಆಗ ಎಲ್ಲರೆದುರು ಇನ್ನೊಂದು ಪೆಟ್ಟು ಕೊಡಬೇಕೆಂದು ಅವಳು ಮಾತನ್ನು ಸಿದ್ಧವಾಗಿಟ್ಟುಕೊಂಡಿದ್ದಳು. ಅವನು ವಿಜ್ಞಾನಿಗಳತ್ತ ತಿರುಗಿದ. ಕಿವಿಗಳು ಕೆಂಪಾಗಿದ್ದವು.

"ಸರ್, ಈ ನಡಿಗೆಯನ್ನು ದಾಖಲಿಸಿದ್ದು ಪಂಚಮಿ. ಹೆಸರು ಬಿಟ್ಟವನು ನಾನು."

ಆ ತಪ್ಪು ಸರಿಯಾಗುವವರೆಗೆ ಮುಂದಿನ ಪರೀಕ್ಷೆಯಿಲ್ಲವೆಂದು ಹಿರಿಯರು ಚುಟುಕಾಗಿ ಹೇಳಿ ಚಿಕ್ಕಮಗಳೂರಿಗೆ ಹೊರಟರು. ನಿರಂಜನ ಉಳಿದ. ಇಷ್ಟಕ್ಕೇ ಸೇಡು ತೀರಿತೆಂದು ಪಂಚಮಿಗೆ ಅನ್ನಿಸಲಿಲ್ಲ. ಚದುರಿದ ಬೀಜದತ್ತ ಕೈ ತೋರಿಸಿ, ಶೂ ಬಿಚ್ಚಿ ಇಡೀ ಕಣವನ್ನು ಸರಿಮಾಡಿಯೇ ಹೋಗಬೇಕೆಂದಳು.

ಬರಿಗಾಲಲ್ಲಿ ಒಳಗೆ ಹೆಜ್ಜೆಯಿಟ್ಟವನೇ ಅವನೂ ಜಾರಿದ. ಬೀಳಲಿ ಎಂದುಕೊಂಡವಳ ಕೈ ಅಷ್ಟರಲ್ಲಾಗಲೇ ಅವನ ಮೊಣಕೈ ಹಿಡಿದಿತ್ತು.

"ಪಾದ ಎತ್ತಬೇಡ. ಎಳ್ಕೊಂಡು ನಡಿ."

ಕಣದಲ್ಲಿ ಬೀಜ ಮಗುಚುವವರೆಲ್ಲ ನಡೆಯುವುದು ಹಾಗೆಯೇ. ಇಬ್ಬರೂ ಪಾದ ಎಳೆಯುತ್ತ ಸಾಗಿದರು. ಹಿಂದೆ ಜೋಡಿ ಸಾಲುಗಳು ಮೂಡಿದವು. ಅವಳ ಪಾದಗಳನ್ನೇ ನೋಡುತ್ತಿದ್ದ ಅವನು ಥಟ್ಟನೆ ತಲೆಯೆತ್ತಿದ.

"ಚಂದ್ರನ ಮೇಲೂ ಹೀಗೇ ನಡೆಸಬಹುದಲ್ವಾ?"

"ನಡೆಸಬಹುದು. ಈ ಸಲ ನನ್ನ ಹೆಸರು ಮೊದಲು."

"ನಿನ್ನದೇ ಮೊದಲು." ಅವನು ಇನ್ನೊಂದು ಸಾಲು ಮುಗಿಸಿದ. "ಅಷ್ಟು ಸಲ ಫೋನ್ ಮಾಡಿದ್ದು ಯಂತ್ರದ ವಿಷಯಕ್ಕಲ್ಲ, ಪಂಚಮಿ. ನೀನಿಲ್ಲದೆ ನಂಗೆ ಆಗೋದಿಲ್ಲ. ಕ್ಷಮಿಸಿದ್ಯಾ?"

"ಇಲ್ಲ. ಇನ್ನೂ ಅರ್ಧ ಕಣ ಇದೆ."

ಹಾಗೆಂದಳೇ ಹೊರತು ಮೊಣಕೈ ಬಿಡಲಿಲ್ಲ.