ಕಾರ್ಡಿಲ್ಲದ ಹುಡುಗ

"ಇವನಿಗೆ ಕಾರ್ಡೇ ಇಲ್ಲ ಟೀಚರ್! ಬಿದ್ರೆ ಡಾಕ್ಟ್ರು ಮುಟ್ಟೋದೂ ಇಲ್ಲ. ಎತ್ತಿ ಕಸದ ಡಬ್ಬಿಗೆ ಹಾಕ್ಬೇಕಷ್ಟೆ!"

ಯಾನೆಸ್ ಹೀಗೆ ಕೂಗಿದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ಮುಂದಿನ ವಾರ ಟ್ರಿಪ್ ಇತ್ತು. ಅದಕ್ಕೇ ಎಲ್ಲರೂ ಸಾಲಾಗಿ ಬಂದು ತಮ್ಮ ಆರೋಗ್ಯ ವಿಮೆಯ ಕಾರ್ಡನ್ನು ವೀಗಂಡ್ ಟೀಚರಿಗೆ ತೋರಿಸುತ್ತಿದ್ದರು. ನಾರೆಕ್ ಮಾತ್ರ ಬರಿಗೈಯಲ್ಲಿ ನಿಂತಿದ್ದ.

"ಯಾನೆಸ್, ಬಾಯಿ ಮುಚ್ಚು!" ಎಂದು ಟೀಚರ್ ಗದರಿದರು.

"ನಮ್ಮಮ್ಮಂಗೆ ವಿಮೆ ಇದೆ. ಅದ್ರಲ್ಲಿ ನಾವೆಲ್ಲ ಇದೀವಿ" ಎಂದ ನಾರೆಕ್. ಕಿವಿ ಬಿಸಿಯಾಗಿತ್ತು.

"ಹೌದಾ? ಹಾಗಾದ್ರೆ ಕಾರ್ಡ್ ತೋರ್ಸು ನೋಡೋಣ!" ಎಂದ ಯಾನೆಸ್.

ತೋರಿಸಲು ಏನಿತ್ತು? ನಾರೆಕ್‌ನ ಅಮ್ಮ ಲುಸಿನೆ ಹಳೆಯ ಭೂಪಟಗಳನ್ನು ಓದುವವಳು. ಜರ್ಮನಿಯ ಮಾರ್ಬುರ್ಗ್‌ನ ವಿಶ್ವವಿದ್ಯಾಲಯ ಒಂದು ವರ್ಷದ ಮಟ್ಟಿಗೆ ಅವಳನ್ನು ಕರೆಸಿಕೊಂಡಿತ್ತು. ಅಪ್ಪ, ನಾರೆಕ್, ಪುಟ್ಟ ತಂಗಿ ಅನುಷ್ ಎಲ್ಲರೂ ಆರ್ಮೇನಿಯಾದ ಯೆರೆವಾನ್‌ನಿಂದ ಅವಳ ಜೊತೆಗೇ ಬಂದಿದ್ದರು. ಅವಳ ಫೈಲಿನಲ್ಲಿ ವಿಮೆಯ ಒಂದು ಕಾಗದವಿತ್ತು. ಕಾರ್ಡಂತೂ ಇರಲಿಲ್ಲ.

ಮಧ್ಯಾಹ್ನ ಜಿಮ್ ಪೀರಿಯಡ್. ನಾರೆಕ್ ಹಗ್ಗ ಹಿಡಿದು ಮೇಲೆ ಹತ್ತಿದ್ದ. ಮೇಷ್ಟ್ರು ಹಾಲ್‌ನ ಆಚೆ ತುದಿಯಲ್ಲಿದ್ದರು. ಯಾನೆಸ್ ಹಗ್ಗದ ಬುಡ ಹಿಡಿದು ನಿಂತಿದ್ದ.

"ಬಿರುಗಾಳಿ ಬಂತು, ಬಿರುಗಾಳಿ!" ಎಂದು ಜೋರಾಗಿ ಅಲ್ಲಾಡಿಸಿದ.

ನಾರೆಕ್ ಧಡ್ಡನೆ ಬಿದ್ದ. ಮೈಯೆಲ್ಲ ಮ್ಯಾಟ್ ಮೇಲೆ, ಎಡಗೈ ಮಾತ್ರ ಬೆಂಚಿನ ಅಂಚಿಗೆ. ಒಂದು ಗಳಿಗೆ ಉಸಿರೇ ಬರಲಿಲ್ಲ.

"ಏನಾಯ್ತೋ?" ಮೇಷ್ಟ್ರು ಅಲ್ಲಿಂದಲೇ ಕೂಗಿದರು.

"ಏನಿಲ್ಲ ಸಾರ್."

ಡಾಕ್ಟ್ರು ಮುಟ್ಟೋದೂ ಇಲ್ಲ. ಆ ಮಾತು ಅವನ ತಲೆಯೊಳಗೆ ಕೂತುಬಿಟ್ಟಿತ್ತು.

ಎರಡು ದಿನ ಅವನು ಸ್ವೆಟರಿನ ತೋಳು ಮೇಲೆ ಸರಿಸಲೇ ಇಲ್ಲ. ಮೂರನೆಯ ಬೆಳಿಗ್ಗೆ ಬ್ರೆಡ್ ಹಿಡಿಯಲು ಹೋಗಿ "ಆ!" ಎಂದ. ಅಮ್ಮ ತೋಳು ಎಳೆದು ನೋಡಿದಳು. ಮಣಿಕಟ್ಟು ಊದಿ ನೀಲಿಗಟ್ಟಿತ್ತು.

"ಅಯ್ಯೋ ನಾರೆಕ್ ಜಾನ್, ನನ್ನ ಚಿನ್ನ! ಎಲ್ಲಿ ಬಿದ್ದೆ?"

"ನಮ್ಮ... ನಮ್ಮನೆ ಮೆಟ್ಟಿಲ ಮೇಲೆ."

ನಾವಿಲ್ಲಿ ಅತಿಥಿಗಳು, ಈ ಊರಿನ ಮಕ್ಕಳ ಮೇಲೆ ದೂರು ತರಬೇಡ ಎಂದು ಅಮ್ಮನೇ ಎಷ್ಟು ಸಲ ಹೇಳಿರಲಿಲ್ಲ?

ಆಸ್ಪತ್ರೆಯ ಕೌಂಟರಿನಲ್ಲಿ ಅಮ್ಮ ತನ್ನ ಕಾಗದವನ್ನು ಧೈರ್ಯವಾಗಿ ಮುಂದಿಟ್ಟಳು. ಅಲ್ಲಿದ್ದ ಹೆಂಗಸು ಓದಿದಳು. ಯಾರಿಗೋ ಫೋನ್ ಮಾಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಇದ್ರಲ್ಲಿ ನಿಮ್ಮೊಬ್ಬರ ಹೆಸರೇ ಇರೋದು."

"ನಾನಿದ್ರೆ ಮಕ್ಕಳೂ ಇದ್ದ ಹಾಗಲ್ವಾ? ನಮ್ಮ ಡಿಪಾರ್ಟ್‌ಮೆಂಟಲ್ಲಿ ಎಲ್ಲರಿಗೂ ಹಾಗೇ ಅಂತ ಹೇಳಿದ್ರಲ್ಲ!"

"ಅವರು ಇಲ್ಲಿ ನೌಕರಿಯಲ್ಲಿರೋರು. ಅವರ ವಿಮೆಗೆ ಮಕ್ಕಳು ಸೇರ್ಕೋತಾರೆ. ನಿಮಗೆ ಬರೋದು ಸ್ಕಾಲರ್‌ಶಿಪ್, ನಿಮ್ಮ ವಿಮೆ ಬೇರೆ ಥರದ್ದು. ಅದ್ರಲ್ಲಿ ಒಬ್ಬೊಬ್ಬರ ಹೆಸರೂ ಬೇರೆ ಬೇರೆ ಸೇರಿಸ್ಬೇಕು. ಕೈಗೆ ಔಷಧಿ ಮಾಡ್ತೀವಿ ಮೇಡಂ, ಆದ್ರೆ ಬಿಲ್ಲು ಮನೆಗೆ ಬರತ್ತೆ."

ಅಮ್ಮನ ಮುಖ ಬಿಳಿಚಿಕೊಂಡಿತು. ಮೂಲೆಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದಳು.

"ಗೆವೋರ್ಗ್, ಇವನ ಹೆಸರೂ ಇಲ್ಲ, ಅನುಷ್ ಹೆಸರೂ ಇಲ್ಲ! ಇಷ್ಟು ತಿಂಗಳು ಹೇಗೆ ಓಡಾಡ್ಕೊಂಡಿದ್ವಿ ನಾವು? ಈ ಬಿಲ್ಲು ಕಟ್ಟಿದ್ರೆ ಇನ್ನು ಇಲ್ಲಿರೋಕಾಗಲ್ಲ. ನನ್ನ ಕೆಲಸ ಅರ್ಧಕ್ಕೇ ಬಿಟ್ಟು ವಾಪಸ್ ಹೋಗೋದೇ..."

ನಾರೆಕ್‌ಗೆ ಕೈನೋವು ಮರೆತೇಹೋಯಿತು. ಯಾನೆಸ್ ಹೇಳಿದ್ದು ನಿಜವಾಗಿತ್ತು! ತನ್ನ ಒಂದು ಕೈಯಿಂದ ಅಮ್ಮನ ಭೂಪಟಗಳೆಲ್ಲ ಹೋಗಿಬಿಡುತ್ತವಾ?

ಒಳಗೆ ರೈಂಡರ್ಸ್ ಡಾಕ್ಟರಮ್ಮ ಎಕ್ಸ್‌ರೇ ನೋಡಿದರು.

"ಮೂಳೆ ಬಿರುಕು ಬಿಟ್ಟಿದೆ. ಮನೆ ಮೆಟ್ಟಿಲ ಮೇಲೆ ಬಿದ್ಯಾ? ಛೆ! ಬೀಳೋದು ಬಿದ್ದೆ, ಸ್ಕೂಲಲ್ಲಾದ್ರೂ ಬೀಳಬಾರದಿತ್ತಾ?"

"ಸ್ಕೂಲಲ್ಲಿ ಬಿದ್ರೆ ಏನಾಗತ್ತೆ?" ನಾರೆಕ್ ಕೇಳಿದ.

"ಸ್ಕೂಲ್ ಮಕ್ಕಳಿಗೆ ಬೇರೆಯೇ ಅಪಘಾತ ವಿಮೆ ಇದೆಯಲ್ಲ. ಯಾವ ದೇಶದ ಮಗು ಆದ್ರೂ ಸರಿ. ಕಾರ್ಡೂ ಬೇಡ, ಬಿಲ್ಲೂ ಬರಲ್ಲ."

ನಾರೆಕ್ ಬಾಯಿ ತೆರೆದವನು ಮುಚ್ಚಲಿಲ್ಲ. ಎರಡು ರಾತ್ರಿ ಅವನು ದಿಂಬು ಕಚ್ಚಿಕೊಂಡು ಮಲಗಿದ್ದ. ಕಾರ್ಡೇ ಬೇಡವಾಗಿತ್ತಾ?

"ಸ್ಕೂಲಲ್ಲೇ!" ಎಂದು ಕಿರುಚಿಬಿಟ್ಟ. "ಬಿದ್ದಿದ್ದು ಸ್ಕೂಲಲ್ಲೇ! ಜಿಮ್ ಹಾಲಲ್ಲಿ! ಮೇಷ್ಟ್ರನ್ನ ಕೇಳಿ!"

"ನಾರೆಕ್! ನಂಗ್ಯಾಕೆ ಸುಳ್ಳು ಹೇಳ್ದೆ?"

"ನೀನೇ ಅಲ್ವಾ ಅಮ್ಮ, ದೂರು ತರಬೇಡ ಅಂದಿದ್ದು?"

ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಡಾಕ್ಟರಮ್ಮ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡರು. "ಸರಿ, ಹೇಗೆ ಬಿದ್ದೆ ಹೇಳು."

"ಹಗ್ಗ ಅಲ್ಲಾಡ್ತು."

"ಹಗ್ಗ ತಾನಾಗೇ ಅಲ್ಲಾಡತ್ತಾ ಮರಿ?"

ನಾರೆಕ್ ನೆಲ ನೋಡಿದ. ಯಾನೆಸ್‌ನ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡ.

ಅವತ್ತೇ ಮೇಷ್ಟ್ರು ಫೋನಿನಲ್ಲಿ, ಹೌದು, ಹುಡುಗ ಬಿದ್ದಿದ್ದನ್ನು ನೋಡಿದ್ದೆ ಎಂದರು. ಬಿಲ್ಲಿನ ಭಯ ಹೋಯಿತು. ಸಂಜೆಯೇ ಅಮ್ಮ ಮನೆಮಂದಿಯ ಹೆಸರನ್ನೆಲ್ಲ ತನ್ನ ವಿಮೆಗೆ ಸೇರಿಸಿದಳು. ಆಮೇಲೆ ಅನುಷ್‌ಳನ್ನು ತುಂಬಾ ಹೊತ್ತು ತೊಡೆಯ ಮೇಲಿಂದ ಇಳಿಸಲೇ ಇಲ್ಲ.

ಸೋಮವಾರ ನಾರೆಕ್ ಪ್ಲಾಸ್ಟರ್ ಕೈಯಲ್ಲಿ ಶಾಲೆಗೆ ಬಂದ. ಹುಡುಗರು ಮುತ್ತಿಕೊಂಡು ಅದರ ಮೇಲೆ ಹೆಸರು ಬರೆದರು. ಯಾನೆಸ್ ಮಾತ್ರ ದೂರದಲ್ಲಿದ್ದ. ಬೆಲ್ಲಾಗಿ ಎಲ್ಲರೂ ಒಳಗೆ ಹೊರಟ ಮೇಲೆ, ಬಾಗಿಲ ಹತ್ತಿರ ಅಡ್ಡ ಬಂದ.

"ಮೇಷ್ಟ್ರಿಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ" ಎಂದ. "ನೀನು... ನನ್ನ ಹೆಸರು ಹೇಳಿದ್ಯಾ?"

ನಾರೆಕ್ ಅವನ ಮುಖ ನೋಡಿದ. ತುಟಿ ಒಣಗಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು. ರಾತ್ರಿ ನಿದ್ದೆ ಬಂದಿರಲಿಲ್ಲವೇನೋ. ನೋವನ್ನು ಸ್ವೆಟರಿನ ತೋಳಿನೊಳಗೆ ಬಚ್ಚಿಟ್ಟುಕೊಂಡಿದ್ದ ಆ ಎರಡು ದಿನ ಬಚ್ಚಲಿನ ಕನ್ನಡಿಯಲ್ಲಿ ತನಗೆ ಕಂಡಿದ್ದು ಇಂಥದೇ ಮುಖ.

"ಹೇಳೋ! ಹೇಳಿದ್ಯಾ?"

ನಾರೆಕ್ ಪ್ಲಾಸ್ಟರ್ ಕೈಯನ್ನು ಎದೆಗೊತ್ತಿಕೊಂಡ. ಯಾನೆಸ್‌ನನ್ನು ದಾಟಿ, ಉತ್ತರ ಕೊಡದೆ, ಕ್ಲಾಸಿನ ಕಡೆ ನಡೆದ.