ಇಪ್ಪತ್ತೆಂಟು ಡಿಗ್ರಿಯ ಸಮುದ್ರ

“ಮೂವತ್ತೈದು ಪಾಯಿಂಟ್ ಎರಡು! ಅಕ್ಕಾ, ಈ ನೀರಿಲೆ ನಾ ಜಳಕ ಮಾಡಂಗಿಲ್ಲ.”

ಉದಯಕುಮಾರ ಮಾಮಾ ಅಂಗಳದಲ್ಲಿ ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಸೊಂಟಕ್ಕೆ ಟವೆಲ್ಲು, ಕೈಯಲ್ಲಿ ಉದ್ದ ದಾರ ಕಟ್ಟಿದ ಥರ್ಮಾಮೀಟರು. ಅದರ ತಲೆಗೆ ಕೆಂಪು ಟೊಪ್ಪಿಗೆ. ನೀರಿಗೆ ಬಿಟ್ಟರೆ ಮುಳುಗದೆ ತೇಲುತ್ತಿತ್ತು.

“ನೀರಿಗೇನ್ ಜ್ವರ ಬಂದಾವೇನ್?” ಒಲೆಯ ಮುಂದಿನಿಂದಲೇ ಅವ್ವ ಕೇಳಿದಳು. “ಸುಮ್ನ ಸುರುವಿಕೋ. ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದಿದ್ಲಂತ. ಭಕ್ರಿ ಆರಾಕತ್ತಾವ.”

ಸಪ್ನಾಗೆ ನಗು ಉಕ್ಕಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು. ಮಾಮಾನ ಮನಸ್ಸು ಕೆಡಿಸುವುದು ಅವಳಿಗೆ ಸುತರಾಂ ಬೇಕಿರಲಿಲ್ಲ. ಯಾಕೆಂದರೆ ಬೋಟು ಮಾಮಾನ ಕೈಯಲ್ಲಿತ್ತು.

ಮಾಮಾನಿಗೆ ಸೋಲಾಪುರದಲ್ಲಿ ಗೀಜರ್ ಮತ್ತು ಕೂಲರ್ ಅಂಗಡಿ. ಚಳಿಗಾಲದಲ್ಲಿ ಬಿಸಿ ಮಾರುತ್ತಾನೆ, ಬೇಸಿಗೆಯಲ್ಲಿ ತಂಪು ಮಾರುತ್ತಾನೆ. ಮೇ ತಿಂಗಳು ಬಂತೆಂದರೆ ಅಂಗಡಿಯನ್ನು ಹುಡುಗರ ಕೈಗೆ ಬಿಟ್ಟು ಗೆಳೆಯರ ಜೊತೆ ಕೊಂಕಣ ಕರಾವಳಿಯ ಮಾಲವಣಕ್ಕೆ ಹೋಗುತ್ತಾನೆ. ಅಲ್ಲಿ ಬೋಟು ಬಾಡಿಗೆ ಹಿಡಿದು ದಂಡೆಗುಂಟ ತಿರುಗುತ್ತಾರೆ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ನಡುನೀರಿನಲ್ಲಿ ಬೋಟು ನಿಲ್ಲಿಸಿ ಒಂದು ಏಣಿ ಇಳಿಬಿಡುತ್ತಾರಂತೆ. ಬೇಕಾದವರು ಧುಮುಕಿ ಈಜಬಹುದಂತೆ.

ಸಪ್ನಾ ಊರಿನ ಡ್ಯಾಮಿನಲ್ಲಿ ಈಜುವುದನ್ನು ನೋಡಿ ಮಾಮಾ ಒಮ್ಮೆ ಹೇಳಿಬಿಟ್ಟಿದ್ದ: “ಬರೋ ವರ್ಷ ನೀ ನನ್ನ ಜೋಡಿ ಬೋಟಿಗಿ ಬಾ. ಇಬ್ರೂ ಕೂಡೇ ಸಮುದ್ರದಾಗ ಜಿಗಿಯೋಣು. ಖರೆ, ಒಂದ್ ಕಂಡೀಶನ್. ಸಮುದ್ರ ಬರೋಬ್ಬರ್ ಇಪ್ಪತ್ತೆಂಟು ಡಿಗ್ರಿ ಇರಬೇಕು.”

ಸಪ್ನಾ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳದೆ ಇಡೀ ಸಾಲೆಗೆ ಹಂಚಿದಳು.

ಬರುವ ವರ್ಷ ಬಂತು. ಸಮುದ್ರ ತಣ್ಣಗಾಗಿತ್ತು! ತಳದ ನೀರು ಮೇಲೆ ಬಂದಿದೆ, ಬೇಸಿಗೆಯಲ್ಲಿ ಹೀಗೆ ಆಗುವುದೇ ಇಲ್ಲ, ಇದು ಅಬ್‌ನಾರ್ಮಲ್ ಎಂದು ಮಾಮಾ ಫೋನಿನಲ್ಲಿ ಹೇಳಿದ. ಅದರ ಮುಂದಿನ ವರ್ಷ ಸಮುದ್ರ ಕಾದುಬಿಟ್ಟಿತ್ತು. ಕಾದ ನೀರಿಗೆ ಲೋಳೆಮೀನು ಬಂದಿವೆ, ಮೈಗೆ ತಾಗಿದರೆ ತುರಿಕೆ, ಇದೂ ಅಬ್‌ನಾರ್ಮಲ್. ಎರಡೂ ವರ್ಷ ಸಪ್ನಾ ಮನೆಯಲ್ಲೇ ಉಳಿದಳು. ಮಾಮಾ ಮಾತ್ರ ಎರಡೂ ವರ್ಷ ತಪ್ಪದೆ ಹೋಗಿಬಂದ. ಪಾಪ, ಟೆಂಪರೇಚರ್ ಚೆಕ್ ಮಾಡಲು ಯಾರಾದರೂ ಹೋಗಲೇಬೇಕಲ್ಲ!

ಸಾಲೆಯಲ್ಲಿ ಜೊತೆಯ ಹುಡುಗ ಆಕಾಶ ಬಿಡುತ್ತಾನೆಯೇ? ದಿನಾ ಬಾಗಿಲಲ್ಲೇ ನಿಂತು, ಚಹಾ ಆರಿತೇ ಎಂದು ಕೇಳಿದಂತೆ ಕೇಳುತ್ತಿದ್ದ: “ಸಪ್ನಾ, ಸಮುದ್ರ ಆರೇದೇನ್?”

ಹುಡುಗರೆಲ್ಲ ಬೆಂಚು ಕುಟ್ಟಿ ನಗುತ್ತಿದ್ದರು. ಸಪ್ನಾಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು.

ಈ ಸಲ ಹೇಗಾದರೂ ಹೋಗಲೇಬೇಕು. ಊಟ ಮುಗಿದ ಮೇಲೆ ಅವಳು ಮೆಲ್ಲಗೆ ಮಾಮಾನ ಪಕ್ಕ ಹೋಗಿ ಕೂತಳು.

“ಮಾಮಾ, ಈ ವರ್ಷ ಸಮುದ್ರ ಹೆಂಗದ?”

ಮಾಮಾ ನಿಟ್ಟುಸಿರು ಬಿಟ್ಟು ಮೊಬೈಲ್ ತೆಗೆದ. ತೆರೆಯ ಮೇಲೆ ಒಂದು ನಕ್ಷೆ. ಸಮುದ್ರದ ಜಾಗವೆಲ್ಲ ಕೆಂಪು ಕೆಂಪು.

“ನೋಡ. ಮೂವತ್ತೊಂದು! ಹಿಂಗ ಎಂದೂ ಆಗಿದ್ದಿಲ್ಲ. ಜಗತ್ತಿನ ಸೈಂಟಿಸ್ಟ್ ಮಂದಿ ತೆಲಿ ಮ್ಯಾಲ ಕೈ ಹೊತ್ತು ಕುಂತಾರ. ಅಂಥಾದ್ರಾಗ ನಾವಿಬ್ರೂ ಹೋಗಿ ಜಿಗಿಯೋದು ಬರೋಬ್ಬರ್ ಏನ್?”

ಹಾಸಿಗೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ ರೇವಣ್ಣಜ್ಜ ನಡುವೆ ಬಾಯಿ ಹಾಕಿದ. “ಉದಯಾ, ಸಮುದ್ರದ ನೀರು ಉಪ್ಪ ಇರ್ತದಂತ, ಖರೇನ? ಕುರಿಗಿ ಉಪ್ಪಂದ್ರ ಪ್ರಾಣ. ನಮ್ಮ ಹಿಂಡ ಒಂದ್ ಟೆಂಪೋದಾಗ ಹಾಕ್ಕೊಂಡ್ ಒಯ್ದ್ರ ಉಪ್ಪು ನೆಕ್ಕಿಸಿದಂಗೂ ಆತು, ಮೈ ತೊಳದಂಗೂ ಆತು.”

“ಕಾಕಾ, ಕುರಿಗಿ ಆ ಟೆಂಪರೇಚರ್ ಸೂಟ್ ಆಗಂಗಿಲ್ಲ,” ಎಂದ ಮಾಮಾ, ಡಾಕ್ಟರರ ಮುಖ ಮಾಡಿಕೊಂಡು.

“ಹೌದೌದು,” ಅಜ್ಜ ತಲೆಯಾಡಿಸಿದ. ಅಜ್ಜನಿಗೆ ಜಳಕವೆಂದರೆ ಅಷ್ಟಕ್ಕಷ್ಟೇ. ಉಣ್ಣೆ ಕತ್ತರಿಸುವ ಮೊದಲು ಕುರಿಗಳಿಗೆ ಜಳಕ ಮಾಡಿಸುವ ದಿನವೇ ತನ್ನದನ್ನೂ ಮುಗಿಸಿಕೊಳ್ಳುತ್ತಿದ್ದ. ಉಳಿದ ದಿನಗಳಿಗೆ ಅವನಲ್ಲಿಯೂ ಕಾರಣಗಳಿಗೆ ಬರವಿರಲಿಲ್ಲ. ಇಂದು ಅಮಾಸಿ, ನಾಳೆ ಮೂಡಗಾಳಿ, ನಾಡಿದ್ದು ಮೊಣಕಾಲು ನೋವು.

ಮಾಮಾ ಸಮಾಧಾನಕ್ಕೆಂದು ಹೋದ ವರ್ಷದ ಫೋಟೋಗಳನ್ನು ತೆಗೆದುಕೊಟ್ಟು ಅಡ್ಡಾದ. ಸಪ್ನಾ ಒಂದೊಂದೇ ಸರಿಸುತ್ತ ಹೋದಳು. ನೀಲಿ ನೀರು, ಬಿಳಿ ಬೋಟು. ಮಾಮಾನ ಗೆಳೆಯ ಶೈಲೇಶ ನೀರಿಗೆ ಬೀಳುತ್ತಿರುವುದು. ಇನ್ನಿಬ್ಬರು ನೀರಿನಲ್ಲಿ ಕೈ ಬೀಸುತ್ತಿರುವುದು. ಎಲ್ಲರ ಕೂದಲೂ ಹಣೆಗೆ ಅಂಟಿ, ಮೂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಾಮಾ ಪ್ರತಿ ಫೋಟೋದಲ್ಲೂ ಇದ್ದ. ಲೈಫ್ ಜಾಕೆಟ್ ಹಾಕಿಕೊಂಡು, ಏಣಿ ಹಿಡಿದುಕೊಂಡು, ಅಗಲವಾಗಿ ನಗುತ್ತ. ಅವನ ಬೈತಲೆ ಮಾತ್ರ ಆಗತಾನೇ ಅವ್ವ ಬಾಚಿ ಕಳಿಸಿದಂತೆ ನೆಟ್ಟಗಿತ್ತು. ಒಂದು ಕೂದಲೂ ಒದ್ದೆಯಾಗಿರಲಿಲ್ಲ. ಸಪ್ನಾ ಹಿಂದೆ ಸರಿಸಿ ಮತ್ತೊಮ್ಮೆ ನೋಡಿದಳು. ಏನೋ ತಾಳೆಯಾಗುತ್ತಿಲ್ಲ ಅನ್ನಿಸಿತು. ಏನೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕುರಿಗಳ ಜಳಕ. ಹಿಂಡು ಡ್ಯಾಮಿನ ದಂಡೆಗೆ ಬಂತು. ಅಜ್ಜ ಒಂದು ಹಿಡಿ ಭಂಡಾರ ನೀರಿಗೆ ಎರಚಿ, “ಬೀರೋಬಾನ ಹೆಸರಲೆ ಚಾಂಗಭಲೋ!” ಎಂದು ಕುಲದೇವರ ಜಯಕಾರ ಕೂಗಿದ. ಅರಿಶಿನ ನೀರಿನ ಮೇಲೆ ಹರಡಿತು. ಹಿರೇಕುರಿ ರಾಣಿ ಮೊದಲು ಇಳಿಯಿತು. ಅದರ ಬಾಲ ನೋಡಿಕೊಂಡು ಉಳಿದವು ಒಂದರ ಹಿಂದೊಂದು ಧಬಧಬ ಬಿದ್ದವು. ಕುರಿಗಳಿಗೆ ಥರ್ಮಾಮೀಟರ್ ಬೇಕಾಗಲಿಲ್ಲ.

ಮರಿಗಳ ಕತೆ ಬೇರೆ. ಅವು ನೀರಿನ ಅಂಚಿಗೆ ಬಂದು, ಗೊರಸನ್ನು ಕಲ್ಲಿಗೆ ಒತ್ತಿ ಹಿಡಿದು ನಿಂತುಬಿಡುತ್ತಿದ್ದವು. ಅಜ್ಜ ಅವುಗಳನ್ನು ತಳ್ಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಎತ್ತಿ ಮೆಲ್ಲಗೆ ನೀರಿಗಿಳಿಸಿ ಗದ್ದದ ಕೆಳಗೆ ಕೈ ಕೊಡುತ್ತಿದ್ದ. ಮರಿ ಗಡಗಡ ನಡುಗುತ್ತಿದ್ದರೆ ಅವನು ಎತ್ತಲೋ ನೋಡುತ್ತಿದ್ದ.

“ಅಜ್ಜಾ, ಮರಿ ಬಿಟ್ಟು ಅತ್ತಾಗ ಯಾಕ ನೋಡ್ತಿ?” ಎಂದು ಸಪ್ನಾ ಹಿಂದೊಮ್ಮೆ ಕೇಳಿದ್ದಳು.

“ಅಂಜಿದವರ ಮಾರಿ ನೋಡಬಾರದವ್ವಾ. ಅದಕ್ಕೂ ಮಾನ ಇರ್ತದ,” ಎಂದಿದ್ದ ಅಜ್ಜ.

ಮಾಮಾ ಪ್ಯಾಂಟು, ಬೂಟು, ಕರಿ ಕನ್ನಡಕ ಹಾಕಿಕೊಂಡು ಬಂದ. ಚಪ್ಪಟೆ ಬಂಡೆಯೊಂದನ್ನು ಆರಿಸಿಕೊಂಡು, ಬೂಟು ಬಿಚ್ಚಿಟ್ಟು ಅದರ ಮೇಲೆ ನಿಂತ. ಕುರಿ ತೊಳೆಯುವವರಿಗೆಲ್ಲ ಅರಬ್ಬೀ ಸಮುದ್ರದ ವಿಷಯ ಹೇಳತೊಡಗಿದ. ಜನ ಕೇಳಿದರು. ಪುಕ್ಕಟೆ ಸಮುದ್ರ ಯಾರಿಗೆ ಬೇಡ?

ಎಮ್ಮೆ ಹೊಡೆದುಕೊಂಡು ಬಂದಿದ್ದ ಆಕಾಶನೂ ಕೇಳಿದ. ಕೇಳಿ ಸುಮ್ಮನಿರುವ ಹುಡುಗನೇ ಅವನು?

“ಮಾಮಾರ, ನೀವ್ ಸಮುದ್ರದಾಗ ಈಸಾಡಾವ್ರು. ಈ ಡ್ಯಾಮ್ ನಿಮಗ ಯಾವ ಲೆಕ್ಕ? ಜಿಗೀರಿ, ನಾವೂ ನೋಡ್ತೀವಿ!”

“ಹೌದ್ ನೋಡ್ರಿ, ಜಿಗೀರಿ!” ಎಂದರು ಒಂದಿಬ್ಬರು.

ಮಾಮಾ ಸೂರ್ಯನ ಕಡೆ ನೋಡಿದ. ಬಿಸಿಲು ಚುರುಗುಟ್ಟುತ್ತಿತ್ತು. ಅವನಿಗೆ ಧೈರ್ಯ ಬಂತು.

“ಜಿಗೀಲಾಕ ನಂದೇನ್ ತಕರಾರ್ ಇಲ್ಲ. ನೀರು ಇಪ್ಪತ್ತೆಂಟ್ ಇದ್ರ ಈಗಿಂದೀಗ ಜಿಗೀತೀನಿ, ಪ್ಯಾಂಟಿನ ಸಮೇತ! ಅದಕ್ಕಿಂತ ಹೆಚ್ಚ ಕಮ್ಮಿ ಇದ್ರ ಮಾತ್ರ ಬಿಲ್ಕುಲ್ ಇಲ್ಲ.”

ಹಾಗೆಂದು ಥರ್ಮಾಮೀಟರನ್ನು ಬೀಸಿ ಎಸೆದ. ಎಸೆದ ಭರಕ್ಕೆ ದಾರದ ತುದಿಯೂ ಬೆರಳಿನಿಂದ ಜಾರಿ ಹೋಯಿತು. ಕೆಂಪು ಟೊಪ್ಪಿಗೆ ನೀರಿನ ಮೇಲೆ ಕುಣಿಯುತ್ತ ದೂರ ದೂರ ಸಾಗಿತು.

“ಅರೇ, ಅರೇ! ಹಿಡೀರಿ ಯಾರರ!” ಮಾಮಾ ಬಂಡೆಯ ಮೇಲೇ ಕುಣಿದಾಡಿದ.

ಸಪ್ನಾ ನೀರಿನಲ್ಲಿ ನಿಂತು ತಿಕ್ಕುತ್ತಿದ್ದ ರಾಣಿಯ ಬೆನ್ನು ಬಿಟ್ಟು ಈಜಿದಳು. ತಲೆ ಎತ್ತಿಕೊಂಡು, ಕಾಲು ಪಟಪಟ ಬಡಿಯುತ್ತ. ಕುರಿಗಳ ಜೊತೆ ಕಲಿತ ಈಜು, ಕುರಿಯ ಹಾಗೆಯೇ ಇತ್ತು. ಥರ್ಮಾಮೀಟರನ್ನು ಹಿಡಿದು, ಸೊಂಟದ ಮಟ್ಟದ ನೀರಿಗೆ ಬಂದು ನಿಂತು, ಮುಖ ಒರೆಸಿಕೊಂಡು ನೋಡಿದಳು.

ಇಪ್ಪತ್ತೆಂಟು.

ಹೆಚ್ಚಿಲ್ಲ, ಕಡಿಮೆಯಿಲ್ಲ. ಸಪ್ನಾಳ ಎದೆ ಜಿಗಿಯಿತು. ಈಗ ಮಾಮಾ ಜಿಗಿಯಲೇಬೇಕು! ಜಿಗಿದು ಈಜಿ ತೋರಿಸಿದರೆ ಆಕಾಶನ ಬಾಯಿ ಜನ್ಮಕ್ಕೂ ಬಂದ್ ಆಗುತ್ತದೆ. ಕೂಗಿ ಹೇಳಲೆಂದು ಅವಳು ತಲೆಯೆತ್ತಿದಳು.

ಮೊದಲು ಕಂಡದ್ದು ಮಾಮಾನ ಕಾಲು. ಹತ್ತೂ ಬೆರಳು ಮಡಚಿ ಬಂಡೆಯನ್ನು ಒತ್ತಿ ಹಿಡಿದಿದ್ದವು. ಉಗುರಿನ ಸುತ್ತ ಬೆಳ್ಳಗಾಗಿತ್ತು. ಅವನ ಪಕ್ಕದಲ್ಲೇ ಇನ್ನೂ ನೀರಿಗಿಳಿಯದ ಒಂದು ಮರಿ ಗೊರಸೂರಿ ನಿಂತಿತ್ತು. ಸಪ್ನಾ ಮರಿಯ ಕಾಲು ನೋಡಿದಳು. ಮತ್ತೆ ಮಾಮಾನ ಕಾಲು ನೋಡಿದಳು.

ಒದ್ದೆಯಾಗದ ಆ ಬೈತಲೆ ನೆನಪಾಯಿತು. ತಣ್ಣಗಿದ್ದ ಸಮುದ್ರ, ಕಾದಿದ್ದ ಸಮುದ್ರ, ಕೆಂಪಾದ ಸಮುದ್ರ ಎಲ್ಲ ನೆನಪಾದವು.

ಮೊದಲು ಬಂದದ್ದು ಸಿಟ್ಟು. ಎರಡು ವರ್ಷ! ಎರಡು ವರ್ಷ ಇಡೀ ಸಾಲೆಯ ಮುಂದೆ ತನ್ನ ಮಾನ ಹೋಗಿದೆ. ಒಂದೇ ಒಂದು ಮಾತು ಸಾಕು, ಈಗ ಎಲ್ಲರೂ ಮಾಮಾನನ್ನು ನೋಡಿ ನಗುತ್ತಾರೆ.

“ಎಷ್ಟದ, ಸಪ್ನಾ? ಜಲ್ದಿ ಹೇಳ!” ಆಕಾಶ ಕೂಗಿದ.

ಮಾಮಾ ಕರಿ ಕನ್ನಡಕ ತೆಗೆದ. ಅವನ ಕಣ್ಣು ಇಷ್ಟು ಸಣ್ಣವೆಂದು ಸಪ್ನಾಗೆ ಗೊತ್ತೇ ಇರಲಿಲ್ಲ.

“ಮೂವತ್ನಾಕು,” ಎಂದಳು ಸಪ್ನಾ. ಥರ್ಮಾಮೀಟರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ಅಬ್‌ನಾರ್ಮಲ್ ಅದ.”

“ಹತ್ತೇರಿಕಿ!” ಆಕಾಶ ಹೊಟ್ಟೆ ಹಿಡಿದುಕೊಂಡು ನಕ್ಕ. “ಇವ್ರ ಮನ್ಯಾವ್ರು ಎಲ್ಲೆ ಹೋದ್ರೂ ನೀರು ಕಾಯ್ತದಲ್ಲೋ! ಸಾಲಿ ಚಾಲೂ ಆಗ್ಲಿ, ಎಲ್ಲಾರಿಗೂ ಹೇಳ್ತೀನಿ. ಸಪ್ನಾ, ಡ್ಯಾಮ್ ಯಾವಾಗ ಆರ್ತದ?”

ದಂಡೆಯ ಮೇಲಿದ್ದವರೆಲ್ಲ ನಕ್ಕರು. ಸಪ್ನಾಳ ಕಿವಿ ಬಿಸಿಯಾದವು. ಅವಳು ರಾಣಿಯ ಕೊರಳಿಗೆ ಮುಖ ಒತ್ತಿಕೊಂಡು, ಅದರ ಬೆನ್ನನ್ನು ತಿಕ್ಕಿದ್ದೇ ತಿಕ್ಕಿದಳು.

ಮಧ್ಯಾಹ್ನದ ಹೊತ್ತಿಗೆ ಕುರಿಗಳು ಬಿಸಿಲಿನಲ್ಲಿ ಮೈ ಆರಿಸಿಕೊಳ್ಳುತ್ತಿದ್ದವು. ಆಕಾಶ ಎಮ್ಮೆ ಹೊಡೆದುಕೊಂಡು ಹೋಗಿದ್ದ. ಅಜ್ಜ ತನ್ನ ಜಳಕವನ್ನೂ ಮುಗಿಸಿ, ಆ ದಣಿವಿಗೆ ಜಾಲಿಮರದ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ದಂಡೆಯಲ್ಲಿ ಲಂಗ ಹಿಂಡುತ್ತ ನಿಂತಿದ್ದ ಸಪ್ನಾಳ ಹತ್ತಿರ ಮಾಮಾ ಬಂದ.

“ಖರೇ ಹೇಳು. ಎಷ್ಟಿತ್ತು?”

“ಇಪ್ಪತ್ತೆಂಟು.”

ಮಾಮಾ ಒಂದು ಹರಳು ಆರಿಸಿ ನೀರಿಗೆ ಎಸೆದ.

“ಸೋಲಾಪುರದಾಗ ನಮ್ಮ ಗಲ್ಲಿಗಿ ನಾಕ್ ದಿನಕ್ಕೊಮ್ಮಿ ನಳ ಬರ್ತಿತ್ತು. ನಿಮ್ಮವ್ವಗ ಕೇಳು ಬೇಕಾದ್ರ. ನಾ ಎಲ್ಲಿ ಈಸ ಕಲೀಲಿ? ಬ್ಯಾರಲ್‌ದಾಗ?” ಎಂದ. ನಗಲು ನೋಡಿದ, ಆಗಲಿಲ್ಲ. “ಗೆಳ್ಯಾರ ಮುಂದ ಒಮ್ಮಿ ಬರ್ತದ ಅಂದ್ಬಿಟ್ಟೆ. ಆಮ್ಯಾಲ ದರ್ ವರ್ಷ ಒಂದ್ ಟೆಂಪರೇಚರ್ ಹುಡಕಬೇಕಾತು. ನೀ ಯಾಕ ಹೇಳಲಿಲ್ಲ ಅವರಿಗಿ?”

ಸಪ್ನಾ ಲಂಗದ ತುದಿಯನ್ನು ಇನ್ನೊಮ್ಮೆ ಹಿಂಡಿದಳು. ಅದರಲ್ಲಿ ನೀರೇ ಉಳಿದಿರಲಿಲ್ಲ.

“ಮಾಮಾ, ಇಲ್ಲೆ ಆಳ ಇಲ್ಲ,” ಎಂದಳು. “ನಿನ್ನ ನಡುವಿನ ತನಕಾನೂ ಬರಂಗಿಲ್ಲ.”

ಮಾಮಾ ಸುತ್ತ ನೋಡಿದ. ಕುರಿಗಳು ಮೆಲುಕು ಹಾಕುತ್ತಿದ್ದವು. ಅಜ್ಜನ ಗೊರಕೆ ಕೇಳುತ್ತಿತ್ತು. ಅವನು ನಿಧಾನವಾಗಿ ಗಡಿಯಾರ ಬಿಚ್ಚಿದ. ಶರ್ಟು ಬಿಚ್ಚಿ ಮಡಚಿಟ್ಟ. ಪ್ಯಾಂಟನ್ನು ಮೊಣಕಾಲಿನವರೆಗೆ ಏರಿಸಿದ, ಅದರಿಂದೇನು ಉಪಯೋಗವೋ ಅವನಿಗೇ ಗೊತ್ತು. ಸಪ್ನಾ ಥರ್ಮಾಮೀಟರನ್ನು ಕೊಡಲು ಹೋದಳು. ಮಾಮಾ ಬೇಡವೆಂದು ಕೈ ಆಡಿಸಿದ.

ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ನೀರು ತೊಡೆಗೆ ಬಂದಾಗ ಮಾಮಾ “ಅವ್ವಾ!” ಎಂದ.

“ಅಡ್ಡ ಬೀಳು ಮಾಮಾ. ಕುರಿ ಹಂಗ. ತೆಲಿ ಅಷ್ಟೇ ಮ್ಯಾಲ ಇರ್ಲಿ.”

ಮಾಮಾ ಕಣ್ಣು ಮುಚ್ಚಿಕೊಂಡು ನೀರಿನ ಮೇಲೆ ಬೋರಲು ಬಿದ್ದ. ಸಪ್ನಾ ಅವನ ಗದ್ದದ ಕೆಳಗೆ ಕೈ ಕೊಟ್ಟಳು. ಬೆಳಿಗ್ಗೆಯಷ್ಟೇ ಬೋಳಿಸಿದ ಗದ್ದ. ಬೈತಲೆ ಕೆಟ್ಟುಹೋಗಿ ಕೂದಲು ಹಣೆಗೆ ಅಂಟಿತ್ತು.

“ಕೈ ಬಿಡಬ್ಯಾಡ, ಸಪ್ನಾ.”

“ಬಿಡಂಗಿಲ್ಲ.”

“ಮಾಲವಣದಾಗೂ ಬಿಡಬಾರದು ನೋಡ. ಅಲ್ಲಿ ಭಾಳ ಆಳ ಅದ.”

“ಅಲ್ಲೂ ಬಿಡಂಗಿಲ್ಲ, ಮಾಮಾ.”

ಅಂಗೈಯಲ್ಲಿ ಅವನ ಗದ್ದ ಗಡಗಡ ನಡುಗುತ್ತಿತ್ತು. ಸಪ್ನಾ ಕೈಯನ್ನು ಹಾಗೇ ಗಟ್ಟಿಯಾಗಿ ಹಿಡಿದು, ಮುಖ ಆಚೆ ತಿರುಗಿಸಿ, ದೂರದ ಡ್ಯಾಮಿನ ಗೋಡೆಯ ಮೇಲೆ ಕೂತಿದ್ದ ಬೆಳ್ಳಕ್ಕಿಗಳನ್ನು ನೋಡುತ್ತ ನಿಂತಳು.