ಗುರುಪಾದಪ್ಪನವರ ಐದು ಕ್ಯಾನುಗಳು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಆಷಾಢದಲ್ಲಿ, ಜಕ್ಕೂರಿನ ಒಂದು ಮಹಡಿ ಕೋಣೆಯಲ್ಲಿ ಗೇಣುದ್ದದ ಮಿಲಿಟರಿ ಲಾರಿಗಳ ದಂಡೊಂದಿತ್ತು. ಬೆರಳುಗುರಿನಷ್ಟು ಸಲಿಕೆ, ದಾರದಂಥ ಹಗ್ಗ, ಮಡಿಸಿಟ್ಟ ಟಾರ್ಪಾಲು, ಎಲ್ಲ ಹೊತ್ತು ಅದು ಅಪ್ಪಣೆಗೆ ಕಾಯುತ್ತಿತ್ತು. ಅಪ್ಪಣೆ ಕೊಡಬೇಕಾದವರು ಮಾತ್ರ ಒಂದು ಮಂಗಳವಾರ ಅದರ ನಡುವೆಯೇ ಮೇಜಿಗೆ ತಲೆಯಾನಿಸಿ ಸತ್ತುಬಿದ್ದಿದ್ದರು.

ಶಿವಾನಿಗೆ ಯಾವುದೇ ಸಂಗತಿ ಮೊದಲು ಕತೆಯಾಗಿಯೇ ಹೊಳೆಯುತ್ತಿತ್ತು. ಅಜ್ಜಿಯ ಮಡಿಲಲ್ಲಿ ಬೆಳೆದವಳು. ಅವಳು ಬಾಡಿಗೆಗಿದ್ದ ಆರ್.ಟಿ. ನಗರದ ಮನೆಯ ಒಡತಿ ತಾಹೆರಾ, ಅಪರಾಧ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಕತೆಯನ್ನು ಒಂದೇ ಮಾತಿನಲ್ಲಿ ಕಡಿದರು.

"ಕನಸು ಸಾಕು ಕಣೇ, ಸ್ಕೂಟರ್ ತೆಗಿ. ಆ ಅಮ್ಮ ಕಾಯ್ತಿದ್ದಾರೆ."

ಕಾಯುತ್ತಿದ್ದವರು ಸತ್ತವರ ಹೆಂಡತಿ ಸಂಗವ್ವ. ಬಾಗಲಕೋಟೆ ಕಡೆಯವರು. ಗಂಡ ಗುರುಪಾದಪ್ಪ ಇಪ್ಪತ್ತೆರಡು ವರ್ಷ ಸೈನ್ಯದ ಲಾರಿ ಓಡಿಸಿ, ನಿವೃತ್ತಿಯ ಮೇಲೆ ಅದೇ ಲಾರಿಗಳನ್ನು ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಕಟ್ಟುತ್ತಿದ್ದವರು. ಸಂಗವ್ವ ಮನೆಯ ಕದವನ್ನು ಅರ್ಧ ಮಾತ್ರ ತೆರೆದರು.

"ಸ್ಮಿತಾ ನನ್ನ ಮಗಳಿದ್ದಂಗ್ರೀ ಅಕ್ಕಾರ. ಮತ್ತಿಕೆರೆಯಿಂದ ಬಂದು ಇವರ ಕಡೆ ಕೆಲಸ ಕಲೀತಿದ್ಲು. ನಾಳೆ ಆಕೀನ್ನ ಅರೆಸ್ಟ್ ಮಾಡ್ತಾರಂತ. ನಿನ್ನೆ ಬಾಗಲಕ್ಕ ಬಂದು ಅತ್ತಳು. ತಗೀಲಿಲ್ಲ ನಾ. ಯಾರ ಕೈ ಅಂತ ತಿಳಿಯೂತನಾ ಹೆಂಗ ತಗೀಲಿ? ಆಕೀ ಅಲ್ಲದಿದ್ರ ಹೆಂಗ ತಗೀದಿರಲಿ?"

"ನಾಳೆ ಸಂಜೆಯೊಳಗೆ ಯಾರ ಕೈ ಅಂತ ಹೇಳ್ತೀನಿ," ಎಂದರು ತಾಹೆರಾ. "ಅವಳಲ್ಲದಿದ್ರೆ ನಾನೇ ಕೈಹಿಡಿದು ಈ ಬಾಗಿಲಿಗೆ ಕರ್ಕೊಂಡು ಬರ್ತೀನಿ."

ಮಹಡಿಗೆ ಹೊರಗಿನಿಂದ ಮೆಟ್ಟಿಲು. ಅದರ ಬುಡದಲ್ಲಿ ಸೈನ್ಯದ ಹಳೆಯ ಡೀಸೆಲ್ ಕ್ಯಾನೊಂದು ತುಳಸಿಗೆ ನೀರುಣಿಸುವ ಪಾತ್ರೆಯಾಗಿ ಕೂತಿತ್ತು. ಅದರ ಪಕ್ಕೆಯ ಸುತ್ತ ಹರಿದಿದ್ದ ಸಣ್ಣ ಕಾಲುವೆಯಂಥ ಗೆರೆಯ ಮೇಲೆ ಶಿವಾನಿ ಬೆರಳಾಡಿಸುತ್ತಾ ನಿಂತಳು.

ಮೇಲೆ ಇನ್ಸ್‌ಪೆಕ್ಟರ್ ವೆಂಕಟಸ್ವಾಮಿ ಕೇಸನ್ನು ಮುಗಿಸಿಯೇ ಬಿಟ್ಟಿದ್ದರು. "ಸಿಂಪಲ್ ಮೇಡಂ. ಆವತ್ತು ಬೆಳಿಗ್ಗೆ ಸತ್ತವರು ಮಾಡೆಲ್ ಕಟ್ಟೋರ ಕ್ಲಬ್ಬಿನ ವಾಟ್ಸಾಪಿಗೆ ಹಾಕಿದ್ರು, 'ಇವತ್ತು ಐದು ಕ್ಯಾನ್' ಅಂತ, ಲಾರಿಗೆ ಹೇರೋ ಪುಟಾಣಿ ಡೀಸೆಲ್ ಕ್ಯಾನು. ಮೂರು ಗಂಟೆಗೆ ಯಲಹಂಕದಲ್ಲಿದ್ದ ಹೆಂಡತಿಗೆ ಫೋನ್: ಎರಡಾಯ್ತು, ಮೂರು ಬಾಕಿ. ಒಂದಕ್ಕೆ ಮುಕ್ಕಾಲು ಗಂಟೆಯಾದ್ರೂ ಬೇಕಂತೆ. ರಾತ್ರಿ ಆಯಮ್ಮ ಬಂದು ಬೀಗ ತೆಗೆದಾಗ ಐದೂ ರೆಡಿ. ಅಂದ್ರೆ ಐದೂಕಾಲರ ತನಕ ಜೀವಂತ. ಎದುರು ಬೇಕರಿ ಮುನಿಯಣ್ಣನ ಕ್ಯಾಮೆರಾ ನೋಡಿ: ಸೋಮನಾಥ ಅನ್ನೋ ಕ್ಲಬ್ಬಿನವರು ಎರಡೂವರೆಗೆ ಹತ್ತಿ ಮೂರೂವರೆಗೆ ಇಳಿದ್ರು. ಈ ಹುಡುಗಿ ಐದೂಕಾಲಿಗೆ ಹತ್ತಿ ಆರಕ್ಕೆ ಇಳಿದಳು. ಬೇರೆ ನರಪಿಳ್ಳೆ ಇಲ್ಲ."

"ಡಾಕ್ಟರ್ ಏನಂದ್ರು?"

"ಮೂರರಿಂದ ಆರರ ನಡುವೆ. ಹಿಂದಿನಿಂದ ತಲೆಗೆ ಏಟು." ಬಿಡಿಭಾಗಗಳನ್ನು ಬಿಗಿದಿಡಲು ಮೇಜಿನ ಮೇಲಿದ್ದ ಕಬ್ಬಿಣದ ಇಕ್ಕಳದತ್ತ ಅವರು ಕೈ ತೋರಿದರು.

ಸ್ಮಿತಾ ಹೇಳುತ್ತಿದ್ದುದು ಒಂದೇ: ಬಾಗಿಲು ಹಾಕಿತ್ತು, ಎಳೆದರೆ ತಾನೇ ಬೀಳುವ ಬೀಗ, ತಟ್ಟಿದಳು, ಕೆಲಸದ ನಡುವೆ ಮತ್ತೆ ಮತ್ತೆ ಕೂಗಿದರೆ ಅವರು ಬಯ್ಯುತ್ತಾರೆಂದು ಮೆಟ್ಟಿಲ ಮೇಲೆ ಕೂತು ಕಾದಳು, ಹೊರಟಳು. ಮೆಟ್ಟಿಲ ತುದಿ ಕ್ಯಾಮೆರಾಗೆ ಕಾಣುತ್ತಿರಲಿಲ್ಲ.

ಐದು ಕ್ಯಾನುಗಳು ಸಾಲಾಗಿ ನಿಂತಿದ್ದವು, ಹುಣಸೆಬೀಜದಷ್ಟು. ಶಿವಾನಿ ಭೂತಗನ್ನಡಿ ಹಿಡಿದಳು. ಎರಡರ ಪಕ್ಕೆಯಲ್ಲಿ ಕೂದಲೆಳೆಯಂಥ ಗೆರೆ. ಉಳಿದ ಮೂರು ಬೆಣ್ಣೆಯಷ್ಟು ನುಣುಪು.

"ಈ ಮೂರು ಚೆನ್ನಾಗಿವೆ ಆಪಾ. ಕೈ ಪಳಗಿದ ಮೇಲೆ ಮಾಡಿರಬೇಕು."

ತಾಹೆರಾ ಮೇಜಿನ ಮೇಲೆ ಬಿಳಿಯ ಕರವಸ್ತ್ರ ಎಳೆದರು. ಅದು ಬಿಳಿಯಾಗಿಯೇ ಉಳಿಯಿತು. ಆ ಪುಟ್ಟ ದಂಡು ಉಸಿರು ಬಿಗಿಹಿಡಿದು ತಮ್ಮನ್ನೇ ನೋಡುತ್ತಿದೆ ಎಂದು ಶಿವಾನಿಗೆ ಅನಿಸಿತು.

"ಈ ಸೋಮನಾಥ ಏನು ಕಟ್ತಾರೆ, ಲಾರೀನಾ?" ತಾಹೆರಾ ಕೇಳಿದರು.

"ಬರೀ ವಿಮಾನ," ಎಂದರು ವೆಂಕಟಸ್ವಾಮಿ. "ದೊಡ್ಡ ಕಲಾವಿದ ಮೇಡಂ. ಮೊದಲನೇ ಸಲ ಒಂದು ಲಾರಿಯ ಫೋಟೋ ಕಳಿಸಿ ಫಾರಿನ್ ಸ್ಪರ್ಧೆ ಗೆದ್ದಿದ್ದಾರೆ. ಈ ಭಾನುವಾರ ಕ್ಲಬ್ಬಲ್ಲಿ ಸನ್ಮಾನ."

"ಹೌದಾ?" ಎಂದು ತಾಹೆರಾ ವೆಂಕಟಸ್ವಾಮಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

ಮರುದಿನ ಮಧ್ಯಾಹ್ನ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ಸಂಗವ್ವ ಗೋಡೆಗೆ ಒರಗಿದ್ದರು. ಸ್ಮಿತಾ ಅವರ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತಿದ್ದಳು. ಸೋಮನಾಥ ಇಸ್ತ್ರಿ ಅಂಗಿಯಲ್ಲಿ ಬಂದು ಸಂಗವ್ವನವರಿಗೆ, "ವೈನಿ, ಧೈರ್ಯವಾಗಿರಿ," ಎಂದ.

ತಾಹೆರಾ ಅವನಿಗೂ ಸ್ಮಿತಾಗೂ ಕ್ಯಾನಿನ ಎರಡೆರಡು ಹೋಳು, ಅಂಟು, ಮರಳುಕಾಗದ ಕೊಟ್ಟರು. "ಒಂದೊಂದು ಕಟ್ಟಿ ಕೊಡಿ."

"ಇದೇನ್ ಮೇಡಂ, ಸ್ಕೂಲ್ ಪರೀಕ್ಷೆನಾ?" ಸೋಮನಾಥ ನಕ್ಕ. ಆದರೆ ಬೆರಳುಗಳು ಆಗಲೇ ಕೆಲಸಕ್ಕಿಳಿದಿದ್ದವು. ಹೋಳು ಜೋಡಿಸಿ, ಅಂಟು ಹಿಡಿದ ಮೇಲೆ ಪಕ್ಕೆಯನ್ನು ತಿಕ್ಕತೊಡಗಿದ. ಬೂದಿಯಂಥ ಪುಡಿ ಮೇಜಿಗೆ ಉದುರಿತು. ಸ್ಮಿತಾ ಮರಳುಕಾಗದ ಮುಟ್ಟಲೇ ಇಲ್ಲ.

"ನೀನ್ಯಾಕಮ್ಮಾ ತಿಕ್ಕಲಿಲ್ಲ?"

"ತಿಕ್ಕಿದ್ರೆ ಸರ್ ಕೈಮೇಲೆ ಹೊಡೀತಿದ್ರು. ನಿಜವಾದ ಕ್ಯಾನ್‌ಗೂ ಅಲ್ಲಿ ಗೆರೆ ಇರುತ್ತೆ. ಕೆಳಗಿದೆಯಲ್ಲ, ಅದನ್ನ ತೋರಿಸಿ ಹೇಳ್ಕೊಟ್ಟಿದ್ರು."

ಸೋಮನಾಥನ ಕೈ ನಿಂತಿತು.

"ತಗಡಿನ ಎರಡು ಹೋಳನ್ನ ಬೆಸೆದು ಮಾಡೋ ಕ್ಯಾನ್ ಅದು," ಎಂದರು ತಾಹೆರಾ. "ಬೆಸುಗೆ ಆ ಗೆರೆಯೊಳಗಿರುತ್ತೆ. ವಿಮಾನ ಕಟ್ಟೋರಿಗೆ ಜೋಡಣೆಯ ಗೆರೆ ಕಂಡ್ರೆ ಅವಮಾನ, ತಿಕ್ಕಿ ಅಳಿಸ್ತಾರೆ. ಗುರುಪಾದಪ್ಪನವರು ಅಳಿಸೋರಲ್ಲ, ಅವರ ಶಿಷ್ಯೆನೂ ಅಳಿಸೋಳಲ್ಲ. ಹಾಗಾದ್ರೆ ನುಣುಪಾದ ಆ ಮೂರು ಯಾರ ಕೈಕೆಲಸ? ಇಲ್ಲಿ ತಿಕ್ಕಿದ್ರೆ ಪುಡಿ ಬೀಳಬೇಕಿತ್ತು. ಒಂದು ಕಾಳೂ ಇರಲಿಲ್ಲ. ಅವು ಬೇರೆ ಕಡೆ ತಯಾರಾಗಿ, ಜೇಬಲ್ಲಿ ಬಂದ್ವು."

"ಯಾಕ್ ತರಬೇಕು?" ವೆಂಕಟಸ್ವಾಮಿ ಗೊತ್ತಿದ್ದೂ ಕೇಳಿದರು.

"ಸತ್ತವರು ಸಂಜೆವರೆಗೆ ಕೆಲಸ ಮಾಡ್ತಿದ್ರು ಅಂತ ನಾವು ನಂಬಲಿ ಅಂತ. 'ಐದು ಕ್ಯಾನ್' ಅನ್ನೋ ಮೆಸೇಜ್ ಇಡೀ ಕ್ಲಬ್ ಓದಿತ್ತು. ಅದೇ ಕಿಟ್‌ನ ಐದನ್ನ ಇವರು ಮನೇಲೇ ಕಟ್ಟಿ ಜೇಬಿಗೆ ಹಾಕ್ಕೊಂಡು ಬಂದ್ರು. ಮೂರು ಗಂಟೆಯ ಫೋನ್ ಎದುರಲ್ಲೇ ಕೂತು ಕೇಳಿದ್ರು: ಮೂರು ಬಾಕಿ. ಅದಾದ ಮೇಲೆ ಏಟು. ಮೂರನ್ನ ಇಟ್ಟು, ಕಟ್ಟದೆ ಉಳಿದಿದ್ದ ಆರು ಹೋಳು ಎತ್ಕೊಂಡು ಬಾಗಿಲೆಳೆದು ಹೋದ್ರು. ಮೂರರ ಮೇಲೆ, ಮೂರೂವರೆಗೆ ಮುಂಚೆ ಇಲ್ಲಿದ್ದಿದ್ದು ಇವರೊಬ್ಬರೇ. ಆಮೇಲೆ ಸ್ಮಿತಾ ತಟ್ಟಿದ್ದು ಹೆಣದ ಬಾಗಿಲನ್ನ."

ವೆಂಕಟಸ್ವಾಮಿ ಒಂದು ಪೊಟ್ಟಣ ಬಿಚ್ಚಿದರು. ನುಣುಪಾದ ಎರಡು ಕ್ಯಾನು, ಕಟ್ಟದ ಆರು ಹೋಳು. "ಬೆಳಿಗ್ಗೆ ನಿಮ್ಮ ಮನೆ ಡ್ರಾಯರಲ್ಲಿ ಸಿಕ್ತು ಸಾರ್. ಗೆದ್ದ ಫೋಟೋದಲ್ಲಿರೋ ಲಾರಿ ಅಲ್ಲಿ ಸಿಗಲಿಲ್ಲ. ಅದು ಇಲ್ಲಿದೆ, ಆ ಎರಡನೇ ಸಾಲಲ್ಲಿ."

"ಫೋಟೋದ ಲಾರಿ ತನ್ನದು ಅಂತ ಭಾನುವಾರ ಎಲ್ಲರೆದುರು ಹೇಳ್ತೀನಿ ಅಂದ," ಎಂದ ಸೋಮನಾಥ. "ಇಪ್ಪತ್ತು ವರ್ಷದ ಹೆಸರು ನಂದು. ಕಾಲು ಹಿಡ್ಕೊಂಡ್ರೂ ಬಿಡಲಿಲ್ಲ... ಒಂದು ಡಬ್ಬದ ಗೆರೆ ಯಾರ್ರೀ ನೋಡ್ತಾರೆ?"

"ಅದನ್ನ ಹೊತ್ತವರು ನೋಡ್ತಾರೆ," ಎಂದರು ತಾಹೆರಾ.

ಪೊಲೀಸರು ಅವನನ್ನು ಇಳಿಸಿಕೊಂಡು ಹೋದರು. ಸಂಗವ್ವ ಯಾರನ್ನೂ ನೋಡದೆ ಮೆಟ್ಟಿಲಿಳಿದು ಮನೆಯೊಳಗೆ ಹೋದರು. ಕದ ಮುಚ್ಚಿಕೊಂಡಿತು. ಸ್ಮಿತಾ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏಳು," ಎಂದು ತಾಹೆರಾ ಅವಳ ಕೈ ಹಿಡಿದು ಕೆಳಗಿಳಿಸಿದರು. ಶಿವಾನಿ ಹಿಂದೆಯೇ ಬಂದಳು. ಬಾಗಿಲೆದುರು ಮೂವರೂ ನಿಂತರು. ಒಳಗೆ ನೀರು ಸುರಿದ ಸದ್ದು, ಮೂಗೊರೆಸಿದ ಸದ್ದು. ಆಮೇಲೆ ಎರಡೂ ಕದ ಗೋಡೆಗೆ ತಾಗುವಷ್ಟು ತೆರೆದವು.

"ಹೊರಗ ಯಾಕ ನಿಂತಿ?" ಸಂಗವ್ವ ಸ್ಮಿತಾಳ ಕೈಯನ್ನು ತಾಹೆರಾರ ಕೈಯಿಂದ ಬಿಡಿಸಿಕೊಂಡರು. "ಒಳಗ ಬಾರವ್ವಾ."